ಅರಿವು ಕೇಂದ್ರದಲ್ಲಿ ನಮ್ಮ ಅಕ್ಕಂದಿರಿಗೂ ಒಂದು ಹೊತ್ತು ಬೇಕು

ಕಳೆದ ಮಳೆಗಾಲದ ಒಂದು ಸಂಜೆ, ಹಸುವಿಗೆ ಹೊಟ್ಟೆ ಉಬ್ಬರ ಎಂದು ಕರೆ ಬಂತು. ನಾನು ಮುಟ್ಟುವಷ್ಟರಲ್ಲಿ ಮನೆಯವರು ಮೊಬೈಲಿನಲ್ಲಿ ನೋಡಿದಂತೆ ನಾಲಿಗೆ ಹೊರಗೆಳೆದು, ಗೊಟ್ಟದಲ್ಲಿ ಎಣ್ಣೆ ಕುಡಿಸಿದ್ದರು. ಉಬ್ಬರವೇನೋ ಇಳಿದಿತ್ತು, ಆದರೆ ಹಸು ಕೆಮ್ಮುತ್ತಿತ್ತು. ನಾಲಿಗೆ ಎಳೆದು ಹಿಡಿದರೆ ಹಸುವಿಗೆ ನುಂಗಲಾಗದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಐದನೇ ದಿನ ಹಸು ಸತ್ತಿತು. ದಿನಕ್ಕೆ 12 ಲೀಟರ್ ಕೊಡುತ್ತಿದ್ದದ್ದು, ಸಾಲ ಇನ್ನೂ ಬಾಕಿ. “ವಿಡಿಯೊದಲ್ಲಿ ಹಂಗೇ ತೋರಿಸಿದ್ರು ಡಾಕ್ಟ್ರೇ” ಎಂದರು ಆ ಅಕ್ಕ.

ಆ ಮನೆಗೆ ಕೂಗಳತೆಯಲ್ಲೇ ಪಂಚಾಯಿತಿಯ ಗ್ರಂಥಾಲಯವಿದೆ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ರಾಜ್ಯದಲ್ಲಿ ಇಂಥವು 5 ಸಾವಿರಕ್ಕೂ ಹೆಚ್ಚಿವೆ. ಆ ಊರಿನದರಲ್ಲಿ ಕಂಪ್ಯೂಟರ್ ಇದೆ, ಇಂಟರ್ನೆಟ್ಟೂ ಇದೆ. ಪರೀಕ್ಷೆಗೆ ಓದುವ ಹುಡುಗರು ಕೂತಿರುತ್ತಾರೆ, ಸಂತೋಷ. ಹಾಲು ಕರೆಯುವ ಒಬ್ಬ ಹೆಂಗಸನ್ನೂ ನಾನು ಅಲ್ಲಿ ಕಂಡಿಲ್ಲ.

ಉಬ್ಬರ ಬಂದ ಗಳಿಗೆಯಲ್ಲಿ ಗ್ರಂಥಾಲಯಕ್ಕೆ ಓಡಲಾಗದು, ನಿಜ. ಆದರೆ ಬಿಡುವಿನಲ್ಲಿ ನಾಲ್ಕು ಜನ ಕೂತು ಅದೇ ವಿಡಿಯೊ ನೋಡಿ, “ಇದನ್ನು ಹೇಳುತ್ತಿರುವವರು ಯಾರು, ಇದು ಸರಿಯಾ?” ಎಂದು ಮೊದಲೇ ಕೇಳಿದ್ದರೆ?

ಹಿಂದೆ ಗ್ರಂಥಾಲಯವೆಂದರೆ ಬೀರು, ಒಳಗಿದ್ದದ್ದನ್ನು ಓದಿ ಬರುವುದು. ಈಗ ಓದುವವರೇ ಕೇಳಬಹುದು, ಬರೆಯಬಹುದು, ತಪ್ಪಿದ್ದರೆ ತಿದ್ದಲೂಬಹುದು. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿರುವುದೇ ಹಾಗೆ. ಅದಕ್ಕೆ ಪದವಿ ಬೇಕಿಲ್ಲ. ನಿಮ್ಮ ಬದುವಿನಲ್ಲಿ ಯಾವ ಹುಲ್ಲು ಬೆಳೆಯುತ್ತದೆ, ಯಾವುದನ್ನು ದನ ಮೂಸಿಯೂ ನೋಡುವುದಿಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದು ಇಂಟರ್ನೆಟ್ಟಿನಲ್ಲಿ ಸಿಗಬೇಕಾದರೆ ನೀವು ಹೇಳಬೇಕು, ಯಾರಾದರೂ ಟೈಪ್ ಮಾಡಬೇಕು.

ಮನೆಮದ್ದೆಂದರೆ ನಾವು ವೈದ್ಯರು ಮೂಗು ಮುರಿಯುತ್ತೇವೆ ಎಂಬ ದೂರಿದೆ. ಸ್ವಲ್ಪ ನಿಜವೂ ಹೌದು. ಆದರೆ ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಹಚ್ಚುವ ವಿಧಾನವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿದೆ. ಇದನ್ನೇ ಯಾರೋ ಒಬ್ಬರು ಸುಣ್ಣದ ಅಳತೆ ಬಿಟ್ಟು ಹೇಳಿದರೆ ಕೆಚ್ಚಲ ಚರ್ಮ ಸುಡುತ್ತದೆ. ಎಲ್ಲರೂ ಹೇಳಬಹುದಾದ ಕಡೆ ಸುಳ್ಳನ್ನೂ ಎಲ್ಲರೂ ಹೇಳಬಹುದು. ಹಾಗಾಗಿ ಬರೀ ಕಂಪ್ಯೂಟರ್ ಸಾಲದು, ಪಕ್ಕದಲ್ಲಿ ತಿಳಿದು ತೋರಿಸುವ ಮನುಷ್ಯರು ಬೇಕು. ಗ್ರಂಥಾಲಯ ಮೇಲ್ವಿಚಾರಕರು ಆ ಕೆಲಸ ಮಾಡಬಲ್ಲರು. ಅವರಿಗೆ ಪುಸ್ತಕ ಎಣಿಸುವುದನ್ನಷ್ಟೇ ಬಿಟ್ಟರೆ ನಷ್ಟ ನಮಗೇ.

“ನಮಗ್ಯಾಕೆ, ಮೊಬೈಲ್ ಇದೆಯಲ್ಲ” ಎನ್ನುವಿರಿ. ಎಷ್ಟು ಮನೆಗಳಲ್ಲಿ ಆ ಮೊಬೈಲ್ ಮಗನ ಜೇಬಿನಲ್ಲಿರುತ್ತದೆ, ಹೇಳಿ.

ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಸಂಘದವರೆಲ್ಲ ಸೇರಿ ಒಂದು ಮಾತು ಕೇಳಿ: ಬೆಳಗಿನ ಹಾಲು ಹಾಕಿ, ಮೇವು ತಂದು, ಅಡುಗೆ ಮುಗಿದ ಮೇಲೆ, ಮಧ್ಯಾಹ್ನ 2ರಿಂದ 4ರವರೆಗೆ ವಾರಕ್ಕೊಂದು ದಿನ ಕಂಪ್ಯೂಟರ್ ಹೆಂಗಸರಿಗೆ ಬಿಡಲಿ. ನಿಮ್ಮ ಪ್ರಶ್ನೆಗಳನ್ನು ಮೇಲ್ವಿಚಾರಕರಿಂದ ಬರೆಸಿ ಕಳಿಸಿ. ನನ್ನ ವ್ಯಾಪ್ತಿಯ ಊರಾದರೆ ತಿಂಗಳಿಗೊಮ್ಮೆ ನಾನೇ ಬಂದು ಕೂರುತ್ತೇನೆ.

ಉಬ್ಬರ, ಕಷ್ಟದ ಹೆರಿಗೆ, ಹಾವು ಕಡಿತ ಇಂಥವಕ್ಕೆ ಮಾತ್ರ ವಿಡಿಯೊ ಹುಡುಕುತ್ತಾ ಕೂರಬೇಡಿ. ನೇರ 1962ಕ್ಕೆ ಫೋನ್ ಮಾಡಿ.