ಪಾಸಾದ ಮೇಲೆ

ಮೊನ್ನೆ ಸಂಜೆ ನಮ್ಮ ಬೀದಿಯ ಸಗಟು ಕಿರಾಣಿ ವ್ಯಾಪಾರಿಯೊಬ್ಬರು ಪೇಡೆಯ ಪೊಟ್ಟಣದೊಡನೆ ಮನೆಗೆ ಬಂದರು. ಹಿಂದೆ ಅವರ ಮಗ. ಹುಡುಗ ಚಾರ್ಟರ್ಡ್ ಅಕೌಂಟೆನ್ಸಿಯ ಅಂತಿಮ ಪರೀಕ್ಷೆಯಲ್ಲಿ ಮೂರನೆಯ ಪ್ರಯತ್ನಕ್ಕೆ ತೇರ್ಗಡೆಯಾಗಿದ್ದ. ಕಾಲೇಜಿನಲ್ಲಿ ಅವನಿಗೆ ಜಮಾ-ಖರ್ಚಿನ ಮೊದಲ ಪಾಠ ಹೇಳಿದವನು ನಾನಾದ್ದರಿಂದ ಆ ಪೇಡೆಯಲ್ಲಿ ನನಗೂ ಒಂದು ಪಾಲಿತ್ತು. ಕಾಫಿ ಮುಗಿಯುವವರೆಗೆ ಸಂತೋಷದ ಮಾತೇ ನಡೆಯಿತು. ಲೋಟ ಕೆಳಗಿಟ್ಟ ಮೇಲೆ ತಂದೆ ಬಂದ ಕಾರಣವನ್ನು ಹೇಳಿದರು:

"ಮೇಷ್ಟ್ರೇ, ಬೆಂಗಳೂರಿನ ಕಂಪೆನಿಯೊಂದು ಕೆಲಸಕ್ಕೆ ಕರೆದಿದೆ. ಇವನು ನೋಡಿದರೆ ಇಲ್ಲೇ ಬೋರ್ಡು ಹಾಕುತ್ತೇನೆ ಅನ್ನುತ್ತಾನೆ. ಇವನ ಓದಿಗೆಂದು ಅಂಗಡಿಯ ಮೇಲೆ ತೆಗೆದ ಸಾಲ ಹಾಗೆಯೇ ಇದೆ. ನೀವೇ ಒಂದು ಮಾತು ಹೇಳಿ."

ಹೇಳುವುದು ಸುಲಭವಾಗಿರಲಿಲ್ಲ. ಅಂದು ಅರ್ಧ ಹೇಳಿ ಅರ್ಧ ನುಂಗಿಕೊಂಡದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಥ ಹುಡುಗರೂ ಹುಡುಗಿಯರೂ ಈಗ ಊರೂರಿನಲ್ಲಿಯೂ ಇದ್ದಾರೆ.

ಒಂದು ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು. ತಂದೆಯ ತರುವಾಯ ಮಗ ಲೇಖನಿ ಹಿಡಿಯುತ್ತಿದ್ದ. ಮುಂದೇನೆಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆ ವಂಶಪಾರಂಪರ್ಯಕ್ಕೆ ಮಂಗಳ ಹಾಡಿತು. ಚಾರ್ಟರ್ಡ್ ಅಕೌಂಟೆಂಟರ ಕುಲ ಬೇರೆ. 1949ರ ಕಾಯಿದೆಯಿಂದ, ಅದೇ ವರ್ಷದ ಜುಲೈ 1ರಂದು ಸ್ಥಾಪಿತವಾದ ಸಂಸ್ಥೆಯಿಂದ ಹುಟ್ಟಿದ ಕುಲ ಅದು. ಅಲ್ಲಿ ಪರೀಕ್ಷೆ ನಡೆಯುತ್ತದೆ, ಹುಟ್ಟು ನಡೆಯುವುದಿಲ್ಲ. ಕಿರಾಣಿ ಅಂಗಡಿಯ ಮಗ 'ಮುಂದೇನು?' ಎಂದು ಕೇಳಬಲ್ಲನೆಂಬುದೇ ಒಂದು ಭಾಗ್ಯ. ಭಾಗ್ಯದೊಡನೆ ಅದರ ತೊಡಕೂ ಬಂದಿದೆಯೆಂದು ನಾವು ದೂರಬಾರದು.

ಅವನ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ನೌಕರಿ ಹಿಡಿದರೆ ಒಂದು ಸಂಸ್ಥೆಯ ಲೆಕ್ಕವನ್ನು ಒಳಗೇ ನಿಂತು ಸಿದ್ಧಪಡಿಸುತ್ತಾನೆ. ವೃತ್ತಿ ನಡೆಸಲು ಅನುಮತಿಪತ್ರ ಪಡೆದು ಸ್ವಂತ ಕಛೇರಿ ತೆರೆದರೆ ಇತರರು ಬರೆದ ಲೆಕ್ಕವನ್ನು ಹೊರಗಿನಿಂದ ಪರಿಶೀಲಿಸಿ ರುಜು ಹಾಕುತ್ತಾನೆ. ನೌಕರಿಯಲ್ಲಿ ಸುಖವಿದೆ, ಸ್ವಂತ ಕಛೇರಿಯಲ್ಲಿ ಸ್ವಾತಂತ್ರ್ಯವಿದೆ ಎಂದು ಜನ ಹೇಳುವ ಮಾತನ್ನು ನಾನು ಒಪ್ಪಲಾರೆ. ವರ್ಷದ ಬಾಡಿಗೆಯ ಬಹುಭಾಗ ಒಬ್ಬನೇ ಸಾಹುಕಾರನ ಶುಲ್ಕದಿಂದ ಬರುತ್ತಿದ್ದರೆ, ಬಾಗಿಲ ಮೇಲೆ ಯಾರ ಹೆಸರಿದ್ದರೇನು, ಒಡೆಯ ಆ ಸಾಹುಕಾರನೇ. ಹಾಗೆಯೇ, ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡು, ನಾಳೆ ಬೇರೆಡೆ ಹೋಗಬಲ್ಲೆನೆಂಬ ಧೈರ್ಯದಿಂದ ಕುಳಿತಿರುವ ನೌಕರನ ಮೇಲೆ ಯಾರೂ ಸುಳ್ಳನ್ನು ಹೇರಲಾರರು.

ಆದುದರಿಂದ ಆರಿಸಿಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ನಿಂತರೆ ನಾನು 'ಆಗದು' ಎನ್ನಬಲ್ಲೆ?

ಈ ವಿದ್ಯೆಯ ಬೆಲೆಯೆಲ್ಲ ಆ ಮಾತಿನಲ್ಲಿದೆ. ಕೂಡಿ ಕಳೆಯುವ ಕೆಲಸವನ್ನು ಯಂತ್ರ ವಹಿಸಿಕೊಂಡು ಬಹಳ ಕಾಲವಾಯಿತು. ನಮ್ಮ ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿ ತಂತ್ರಾಂಶ ಇಂದು ಸಣ್ಣಪುಟ್ಟ ಅಂಗಡಿಗಳಲ್ಲಿಯೂ ಖಾತೆ ಎತ್ತುತ್ತಿದೆ. ಆದರೆ ಯಂತ್ರ ತನ್ನ ಬಾಯಿಗೆ ಹಾಕಿದ ಅಂಕಿಯನ್ನೇ ನುಂಗುತ್ತದೆ. ಅದು ಸುಳ್ಳಾದರೆ ಸುಳ್ಳನ್ನೂ ತಪ್ಪಿಲ್ಲದೆ ಕೂಡುತ್ತದೆ. ಹೈದರಾಬಾದಿನ ಸತ್ಯಂ ಕಂಪೆನಿಯ ಪ್ರಕರಣ ವಾಚಕರಿಗೆ ನೆನಪಿರಬಹುದು. 2009ರ ಜನವರಿ 7ರಂದು ಅದರ ಅಧ್ಯಕ್ಷರು ತಾವೇ ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ, ಅದರಲ್ಲಿ 5,040 ಕೋಟಿ ಇರಲೇ ಇಲ್ಲ! ಅಢಾವೆ ಪತ್ರಿಕೆಯ ಎರಡು ಬದಿಗಳೂ ವರ್ಷವರ್ಷವೂ ತಾಳೆಯಾಗಿದ್ದವು. ಅದನ್ನು ಸಿದ್ಧಪಡಿಸಿದವರೂ ಇದ್ದರು, ಪರಿಶೋಧಿಸಿ ರುಜು ಹಾಕಿದವರೂ ಇದ್ದರು. ಒಳಗಿನ ದಾರಿ, ಹೊರಗಿನ ದಾರಿ ಎರಡರಲ್ಲಿಯೂ 'ಆಗದು' ಎಂಬ ಸದ್ದು ಕೇಳಿಬರಲಿಲ್ಲ. ಆ ಕಂಪೆನಿಯ ಷೇರು ಕೊಂಡು ನೆಮ್ಮದಿಯಾಗಿದ್ದವರು ಆ ಮೌನದ ಬೆಲೆ ತೆತ್ತರು.

ಕಾನೂನು ಆಮೇಲೆ ತನ್ನಿಂದಾದುದನ್ನು ಮಾಡಿದೆ. 2013ರ ಕಂಪೆನಿ ಕಾಯಿದೆಯಂತೆ ಪರಿಶೋಧಕನು ಅದೇ ಕಂಪೆನಿಯ ಲೆಕ್ಕ ಬರೆದುಕೊಡುವಂತಿಲ್ಲ. ಷೇರುಪೇಟೆಯಲ್ಲಿ ನಮೂದಾದ ಕಂಪೆನಿಗಳಲ್ಲಿ ಒಬ್ಬ ವ್ಯಕ್ತಿ ಸತತವಾಗಿ 5 ವರ್ಷ, ಒಂದು ಸಂಸ್ಥೆ 10 ವರ್ಷ ಮೀರಿ ಪರಿಶೋಧಕರಾಗಿ ಮುಂದುವರಿಯುವಂತಿಲ್ಲ. ಒಳ್ಳೆಯದೇ. ಆದರೆ ಕಾನೂನು ಮನುಷ್ಯನನ್ನು ಮೇಜಿನ ಎದುರು ಕೂರಿಸಬಲ್ಲದೇ ಹೊರತು ಅವನ ಪರವಾಗಿ ಬಾಯಿ ತೆರೆಯಲಾರದು.

ಇನ್ನು ನಮ್ಮ ಹುಡುಗನ ಮಾತು. ಊರಿನಲ್ಲಿ ನಿಲ್ಲುವ ಅವನ ಆಸೆ ದೊಡ್ಡದು. ನಮ್ಮ ಸಣ್ಣ ಊರುಗಳ ಅಡಿಕೆ ಮಂಡಿ, ಸಹಕಾರ ಸಂಘ, ದೇವಸ್ಥಾನದ ಟ್ರಸ್ಟು, ಶಾಲೆಯ ಸಮಿತಿ, ಇವೆಲ್ಲಕ್ಕೂ ನಂಬಿಕೆಯ ಲೆಕ್ಕಿಗರು ಬೇಕು. ಆದರೂ ನಾನು ಅವನಿಗೆ ಹೇಳಿದ್ದು, "ಮೊದಲು ಬೆಂಗಳೂರಿಗೆ ಹೋಗಪ್ಪ" ಎಂದು. ಸಾಲಗಾರನ ನಾಲಗೆ ಅರ್ಧ ಬೇರೆಯವರದು. ತಂದೆಯ ಅಂಗಡಿ ಒತ್ತೆಯಲ್ಲಿರುವಾಗ ಬೋರ್ಡು ಹಾಕಿದವನು, ಬಂದ ಮೊದಲ ಸಾಹುಕಾರನ ಮುಂದೆ ಬಾಗದೆ ಇರುವುದು ಕಷ್ಟ. ಬಡತನಕ್ಕಾಗಿ ಹಾಕಿದ ಮೊದಲ ಸುಳ್ಳು ರುಜು ಕೊನೆಯದಾಗಿಯೇ ಉಳಿಯುವುದೆಂದು ಯಾರು ಹೇಳಬಲ್ಲರು? ಸಂಬಳದಿಂದ ಸಾಲ ತೀರಲಿ. ದೊಡ್ಡ ಲೆಕ್ಕದ ಒಳಹೊರಗು ತಿಳಿಯಲಿ. ಆಮೇಲೆ ಬೇಕಿದ್ದರೆ ತಲೆಯೆತ್ತಿಕೊಂಡು ಊರಿಗೆ ಬರಲಿ.

ಹೋದವರು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಬಾರದವರನ್ನು ನಾನೂ ಕಂಡಿದ್ದೇನೆ. ಅವರನ್ನು ಹಿಡಿದಿಟ್ಟದ್ದು ಬೆಂಗಳೂರಲ್ಲ, ಕಂತುಗಳು: ಮನೆಯ ಕಂತು, ಕಾರಿನ ಕಂತು. ತಂದೆಯ ಸಾಲ ತೀರುವ ಮುನ್ನವೇ ಮಗನ ಸಾಲ ಹುಟ್ಟಿಕೊಂಡರೆ ಮೊದಲಿನ ಕಟ್ಟೇ ಮುಂದುವರಿದಂತಾಯಿತು. ಅದಕ್ಕೇ ಅವನಿಗೆ ಇನ್ನೊಂದು ಮಾತು ಹೇಳಿದೆ: "ಹೊರಡುವ ಮುನ್ನ ಅಪ್ಪನ ಸಾಲದ ಮೊತ್ತ ಕೇಳಿ ಬರೆದಿಟ್ಟುಕೋ, ಅದು ತೀರುವ ತಿಂಗಳನ್ನೂ ಬರೆದಿಡು. ಆ ತಿಂಗಳವರೆಗೆ ಹೊಸ ಸಾಲ ಬೇಡ."

ತಂದೆಗೆ ಅರ್ಧ ಸಮಾಧಾನವಾಯಿತು. ಎದ್ದು ಚಪ್ಪಲಿ ಮೆಟ್ಟುತ್ತ, "ಹೇಗೂ ನಮ್ಮ ಅಂಗಡಿಯ ಟ್ಯಾಕ್ಸಿನ ಆಡಿಟ್ಟಿಗೆ ಇನ್ನು ಹೊರಗಿನವರಿಗೆ ಫೀಸು ಕೊಡಬೇಕಾಗಿಲ್ಲ, ಇವನೇ ಒಂದು ರುಜು ಹಾಕುತ್ತಾನೆ" ಎಂದರು.

ಹುಡುಗ ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ, "ಇಲ್ಲಪ್ಪಾ, ಅದಾಗಲ್ಲ. ತಂದೆಯ ಲೆಕ್ಕಕ್ಕೆ ಮಗ ರುಜು ಹಾಕೋದಕ್ಕೆ ಕಾನೂನು ಬಿಡೋದಿಲ್ಲ" ಎಂದ.

ವ್ಯಾಪಾರಿ ಬೇಸರದಿಂದಲೇ ಮೆಟ್ಟಿಲಿಳಿದರು. ನಾನು ಮಾತ್ರ ಉಳಿದಿದ್ದ ಇನ್ನೊಂದು ಪೇಡೆಯನ್ನು ನಿಶ್ಚಿಂತೆಯಿಂದ ಬಾಯಿಗೆ ಹಾಕಿಕೊಂಡೆ.