ಬೆಳಗಿನ ಒಂದು ಪ್ರಶ್ನೆ

ವೆಂಟಿಲೇಟರ್ ಹಾಕಿದ್ದಾರೆ ಅಂದರೆ ನಮ್ಮ ಕಡೆ ಅರ್ಧ ಆಸೆ ಬಿಟ್ಟಂತೆಯೇ. ಹಾಕಿಸಬೇಕೋ ಬೇಡವೋ ಎಂದು ಐಸಿಯು ಬಾಗಿಲಲ್ಲಿ ಮನೆಮಂದಿಯೆಲ್ಲ ಸೇರಿ ಮಾತಾಡುತ್ತಾರೆ. ಹಾಕಿದ್ದನ್ನು ಯಾವಾಗ ತೆಗೆಯುತ್ತಾರೆ ಎಂದು ವಿಚಾರಿಸುವವರು ಕಡಿಮೆ. ಹಾಕುವಾಗ ತೋರುವ ತುರ್ತನ್ನು ತೆಗೆಯುವುದರಲ್ಲೂ ತೋರಬೇಕು ಎಂಬುದು ನನ್ನ ವಾದ.

ಯಂತ್ರದಿಂದ ರೋಗಿಯನ್ನು ಬಿಡಿಸುವುದಕ್ಕೆ ವೈದ್ಯರು ‘ವೀನಿಂಗ್’ ಎನ್ನುತ್ತಾರೆ. ಮಗುವಿಗೆ ಮೊಲೆ ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ಹೆಸರಿಗೆ ತಕ್ಕಂತೆ, ಯಂತ್ರದ ನೆರವನ್ನು ದಿನದಿನಕ್ಕೆ ಇಷ್ಟಿಷ್ಟೇ ಇಳಿಸುವ ಪದ್ಧತಿ ಬಹುಕಾಲ ನಡೆದಿತ್ತು. 1995ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ಈ ಪದ್ಧತಿಯನ್ನೇ ಪ್ರಶ್ನಿಸಿತು. ಸಿದ್ಧರಾಗಿರಬಹುದು ಎನಿಸಿದ 546 ರೋಗಿಗಳನ್ನು ಎರಡು ಗಂಟೆಯವರೆಗೆ ತಾವಾಗಿಯೇ ಉಸಿರಾಡಲು ಬಿಟ್ಟಾಗ 416 ಮಂದಿ ಮೊದಲ ಸಲಕ್ಕೇ ತಾಳಿಕೊಂಡರು. ಅವರಿಗೆ ಹಂತಹಂತದ ಇಳಿಕೆಯೇ ಬೇಕಿರಲಿಲ್ಲ. ಉಳಿದ 130 ಮಂದಿಯಲ್ಲೂ, ಯಂತ್ರ ಕೊಡುವ ಉಸಿರುಗಳನ್ನು ಮೆಲ್ಲಗೆ ಕಡಿಮೆ ಮಾಡಿಸಿಕೊಂಡವರಿಗಿಂತ ದಿನಕ್ಕೊಮ್ಮೆ ಪರೀಕ್ಷೆಗೆ ಒಳಗಾದವರು ಸುಮಾರು ಮೂರು ಪಟ್ಟು ಬೇಗ ಬಿಡುಗಡೆಯಾದರು.

ಈ ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ಮತ್ತಿನ ಔಷಧಿ ನಿಲ್ಲಿಸಿ, ತಲೆಯ ಕಡೆ ಹಾಸಿಗೆ ಎತ್ತರಿಸಿ, ಯಂತ್ರದ ನೆರವನ್ನು ತೀರಾ ಕಡಿಮೆ ಮಾಡುತ್ತಾರೆ. ‘ಅಜ್ಜ, ಕಣ್ಣು ಬಿಡಿ, ನನ್ನ ಕೈ ಹಿಡ್ಕೊಳ್ಳಿ’ ಎನ್ನುತ್ತಾ ಸಿಸ್ಟರ್ ಪಕ್ಕದಲ್ಲೇ ನಿಲ್ಲುತ್ತಾರೆ. ಮುಂದಿನ ಅರ್ಧ ಗಂಟೆ ಅವರ ಕಣ್ಣು ಎದೆಯ ಏರಿಳಿತದ ಮೇಲೆ, ಹಣೆಯ ಬೆವರಿನ ಮೇಲೆ, ಕತ್ತಿನ ಸ್ನಾಯುಗಳ ಮೇಲೆ. ನಿಮಿಷಕ್ಕೆ 20 ಸಲ, ಪ್ರತಿ ಸಲ 400 ಮಿಲಿಲೀಟರ್ ಉಸಿರು ಎಳೆದರೆ ಸಮಾಧಾನ. 35 ಸಲ ಎಳೆದೂ ಪ್ರತಿ ಸಲ 250 ಮಾತ್ರ ಒಳಗೆ ಹೋದರೆ ಅದು ದಣಿವು. ಯಂತ್ರ ಮತ್ತೆ ಬೇಕು, ನಾಳೆ ಪುನಃ ನೋಡೋಣ.

ಅವಸರ ಮಾಡಿ ಟ್ಯೂಬ್ ತೆಗೆದು, ಮತ್ತೆ ಹಾಕಬೇಕಾಗಿ ಬಂದರೆ ಎಂಬ ವೈದ್ಯರ ಅಂಜಿಕೆ ಸುಳ್ಳಲ್ಲ. ಹಾಗೆ ಮತ್ತೆ ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚು. ಆದರೆ ಇನ್ನೊಂದು ದಿನ ಇರಲಿ ಎನ್ನುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಮಿದುಳು ನಿಷ್ಕ್ರಿಯಗೊಂಡ ಅಂಗದಾನಿಗಳ ಬಗ್ಗೆ 2008ರಲ್ಲಿ ಬಂದ ವರದಿಯಲ್ಲಿ, ಯಂತ್ರವೇ ಉಸಿರಾಡಿಸಿದ 18ರಿಂದ 69 ಗಂಟೆಗಳಲ್ಲಿ ವಪೆಯ ಸ್ನಾಯುತಂತುಗಳು ಅರ್ಧಕ್ಕೂ ಹೆಚ್ಚು ಸೊರಗಿದ್ದವು. ಉಸಿರೆಳೆಯಲು ನಮಗೆ ಮುಖ್ಯ ಆಸರೆಯೇ ಈ ವಪೆ. ಜೊತೆಗೆ ನ್ಯುಮೋನಿಯಾದ ಅಪಾಯ, ದಿನದಿನಕ್ಕೆ ಏರುವ ಬಿಲ್ಲು. ಅರೆಎಚ್ಚರದಲ್ಲಿ ತಾವೇ ಟ್ಯೂಬ್ ಕಿತ್ತುಕೊಳ್ಳುವ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದನ್ನು ಮತ್ತೆ ಹಾಕುವ ಅಗತ್ಯ ಬೀಳುವುದಿಲ್ಲ. ಅವರು ಸಿದ್ಧರಾಗಿದ್ದರು, ನಾವು ನೋಡಿರಲಿಲ್ಲ.

ಹಾಗಾಗಿ ಇದನ್ನು ಒಬ್ಬ ಹಿರಿಯ ವೈದ್ಯರ ಅಂದಾಜಿಗೆ, ಅವರ ರೌಂಡ್ಸ್ ಸಮಯಕ್ಕೆ ಬಿಡಬಾರದು. 1996ರ ಅಮೆರಿಕದ ಅಧ್ಯಯನವೊಂದರಲ್ಲಿ 300 ರೋಗಿಗಳಿದ್ದರು. ನರ್ಸ್ ಮತ್ತು ಉಸಿರಾಟದ ಚಿಕಿತ್ಸಕರು ದಿನಾ ಪರೀಕ್ಷಿಸಿ ವೈದ್ಯರಿಗೆ ತಿಳಿಸಿದ ಗುಂಪಿನಲ್ಲಿ ಯಂತ್ರದ ಅವಧಿ ಆರು ದಿನದಿಂದ ನಾಲ್ಕೂವರೆಗೆ ಇಳಿಯಿತು. ಒಳಗಿನ ಕಾಯಿಲೆ ಹತೋಟಿಗೆ ಬಾರದವರಿಗೆ, ಬಿಪಿ ನಿಲ್ಲದವರಿಗೆ ಪರೀಕ್ಷೆ ಬೇಡ ನಿಜ. ಆದರೆ ಬೇಡ ಎನ್ನುವುದನ್ನೂ ದಿನಾ ನೋಡಿಯೇ ಹೇಳಬೇಕು.

ನಿಮ್ಮವರು ಯಾರಾದರೂ ಐಸಿಯುನಲ್ಲಿದ್ದರೆ ವೈದ್ಯರ ಮೇಲೆ ರೇಗಬೇಡಿ, ಟ್ಯೂಬ್ ತೆಗೆಯಿರಿ ಎಂದು ಹಟ ಹಿಡಿಯಲೂಬೇಡಿ. ದಿನಾ ಬೆಳಿಗ್ಗೆ ಗೌರವದಿಂದ ಇಷ್ಟು ಕೇಳಿ: ‘ಡಾಕ್ಟ್ರೇ, ಇವತ್ತು ಅವರನ್ನ ತಾವಾಗೇ ಉಸಿರಾಡೋಕೆ ಬಿಟ್ಟು ನೋಡಿದ್ರಾ?’