ಉಳಿದ ಶೂಲದ ಮೊನೆ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಯ ಉಪಾಖ್ಯಾನವೊಂದುಂಟು. ಆತನು ಮೌನವ್ರತವನ್ನು ಹಿಡಿದು ತಪಸ್ಸಿನಲ್ಲಿದ್ದಾಗ ಕಳ್ಳರು ಕದ್ದ ಒಡವೆಗಳೊಡನೆ ಆತನ ಆಶ್ರಮದೊಳಗೆ ಅಡಗಿದರು. ಬೆನ್ನಟ್ಟಿ ಬಂದ ರಾಜಭಟರ ಪ್ರಶ್ನೆಗೆ ವ್ರತಸ್ಥನಾದ ಋಷಿಯು ಉತ್ತರವೀಯಲಿಲ್ಲ. ಸೊತ್ತು ಆಶ್ರಮದಲ್ಲಿಯೇ ದೊರೆಯಿತು. ಅರಸನು ಕಳ್ಳರೊಡನೆ ಆತನನ್ನೂ ಶೂಲಕ್ಕೇರಿಸಿದನು. ಋಷಿಯು ಸಾಯಲಿಲ್ಲ. ನಿಜವನ್ನರಿತ ಅರಸನು ಬಂದು ಕ್ಷಮೆ ಬೇಡಿದನು. ಆದರೆ ಶೂಲವನ್ನು ಕೀಳಲಾಗದೆ ಕತ್ತರಿಸಬೇಕಾಯಿತು. ಅದರ ಮೊನೆಯು ದೇಹದಲ್ಲಿಯೇ ಉಳಿದುದರಿಂದ ಲೋಕವು ಆತನನ್ನು ಅಣಿಮಾಂಡವ್ಯನೆಂದು ಕರೆಯಿತು. ನಿರಪರಾಧಿಯೆಂದು ಗೊತ್ತಾದ ಮೇಲೂ ಆತನ ಹೆಸರಿಗೆ ಶೂಲವು ಅಂಟಿಯೇ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ಇದು ಪುರಾಣಕಾಲಕ್ಕೇ ಮುಗಿದ ಮಾತಲ್ಲ. ಬಾಹ್ಯಾಕಾಶ ವಿಜ್ಞಾನಿಗಳಾದ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಕೇರಳದ ಪೊಲೀಸರು ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿದರು. ನ್ಯಾಯಾಲಯವು ಏನನ್ನೂ ನಿರ್ಣಯಿಸುವ ಮೊದಲೇ ಜನರು ಅವರನ್ನು ದೇಶದ್ರೋಹಿಯೆಂದು ನಿರ್ಣಯಿಸಿದ್ದರು. ಆರೋಪವು ನಿರಾಧಾರವೆಂದು ಸಿ.ಬಿ.ಐ. 1996ರಲ್ಲಿ ವರದಿಯಿತ್ತಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅವರಿಗೆ 50 ಲಕ್ಷ ರೂಪಾಯಿ ಪರಿಹಾರವನ್ನು ಕೊಡಿಸಿತು. ಬಂಧನದ ದಿನ 52 ವರ್ಷದವರಾಗಿದ್ದವರಿಗೆ ಆ ವೇಳೆಗೆ 76 ತುಂಬಿದ್ದಿತು. ನಡುವಣ ವರ್ಷಗಳನ್ನು ಯಾವ ನ್ಯಾಯಾಲಯವು ತಾನೇ ಹಿಂದಕ್ಕೆ ಕೊಡಿಸಬಲ್ಲುದು?

ನಮ್ಮ ಧರ್ಮಶಾಸ್ತ್ರಕಾರರು ಈ ವಿಷಯದಲ್ಲಿ ಬಹು ಕಠಿನರು. ನಿರ್ದೋಷಿಯ ಮೇಲೆ ಪಾಪವನ್ನು ಹೊರಿಸಿದವನಿಗೆ ಆ ಪಾಪವು ಇಮ್ಮಡಿಯಾಗಿ ತಗಲುವುದೆಂದೂ, ನಿಜವಾದ ದೋಷವನ್ನೇ ಸಾರಿದವನಿಗೂ ಸಮಪಾಲು ತಪ್ಪದೆಂದೂ ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ಇಂದಿನ ನ್ಯಾಯಾಲಯದ ನಿಲುವೂ ಇದಕ್ಕೆ ದೂರವಲ್ಲ. ಬಂಧಿತರಿಗೆ ಕೇವಲ ವಾಡಿಕೆಯೆಂದು ಕೈಕೋಳ ತೊಡಿಸುವುದು ಮನುಷ್ಯನ ಘನತೆಗೆ ಕುಂದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ತೀರ್ಪಿತ್ತಿತು.

ಹಾಗಾದರೆ ಅನ್ಯಾಯಕ್ಕೊಳಗಾದವರು ಬಾಯಿಮುಚ್ಚಿಕೊಂಡಿರಬೇಕೆ ಎಂದು ಕೇಳಬಹುದು. ಖಂಡಿತವಾಗಿಯೂ ಇಲ್ಲ. ನೊಂದವರು ದೂರು ಕೊಡುವುದೂ, ಕಂಡವರು ಸಾಕ್ಷಿ ನುಡಿಯುವುದೂ ಧರ್ಮವೇ. ದೂರಿಗೆ ವಿಚಾರಣೆಯುಂಟು, ಪ್ರತಿವಾದಿಗೆ ಉತ್ತರ ಹೇಳಲು ಅವಕಾಶವುಂಟು. ಜಗಲಿಯ ಮೇಲಣ ನಿಂದೆಗೆ ಇವೆರಡೂ ಇಲ್ಲ.

ಗೃಹಸ್ಥರು ಮಾಡಬೇಕಾದುದು ದೊಡ್ಡದೇನೂ ಅಲ್ಲ. ಬಂಧಿತನ ಚಿತ್ರವು ಮೊಬೈಲಿಗೆ ಬಂದರೆ ಅದನ್ನು ಮತ್ತೊಬ್ಬರಿಗೆ ಕಳುಹಿಸದಿರೋಣ. ತೀರ್ಪಾಗುವವರೆಗೆ ‘ಕಳ್ಳ’ನೆನ್ನದೆ ‘ಆರೋಪಿ’ಯೆನ್ನೋಣ. ಅವನ ಮನೆಯ ಮಕ್ಕಳು ಎಂದಿನಂತೆ ನಮ್ಮ ಮಕ್ಕಳೊಡನೆ ಆಡಿಕೊಳ್ಳಲಿ. ಅವನ ಹೆಂಡತಿಯು ಬಾವಿಕಟ್ಟೆಗೋ ಅಂಗಡಿಗೋ ಬಂದರೆ ಮಾತು ನಿಲ್ಲದಿರಲಿ. ಬಿಡುಗಡೆಯಾದ ಸುದ್ದಿಯು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗಿದ್ದರೂ ಅದನ್ನು ಹುಡುಕಿ ಓದಿ, ಬಂಧನದ ಸುದ್ದಿಯನ್ನು ಯಾರು ಯಾರಿಗೆ ಹೇಳಿದ್ದೆವೋ ಅವರಿಗೆಲ್ಲ ಇದನ್ನೂ ತಪ್ಪದೆ ಹೇಳೋಣ.